ಓದುಗರ ಪ್ರಶ್ನೆ: ಕಾರಿನ ನಂಬರ್ ಪ್ಲೇಟ್ ಬದಲಿಸಲು ಖರ್ಚೆಷ್ಟು, ನಿಯಮವೇನು?

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ನಂಬರ್ ಪ್ಲೇಟ್‌ಗೆ ಸಂಬಂಧಿಸಿದವು. ಅಕ್ಷರದ ವಿನ್ಯಾಸ, ಬಣ್ಣ, ಅಳತೆ, ಭಾಷೆ, ಹೊರರಾಜ್ಯದ ಸಂಖ್ಯೆ ಎಂದು ವಿಷಯಗಳು ಬೇರೆ ಬೇರೆಯಾದರೂ ಎಲ್ಲರ ಮೂಲ ಪ್ರಶ್ನೆ ಒಂದೇ: ಇದರಲ್ಲಿ ಮಾಲೀಕನ ಇಚ್ಛೆಗೆ ಬಿಟ್ಟದ್ದು ಎಷ್ಟು ಮತ್ತು ಅದಕ್ಕೆ ತಗಲುವ ಹಣವೆಷ್ಟು ಎಂಬುದು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಕಾರು 2021ರಲ್ಲಿ ಕೊಂಡದ್ದು. ಷೋರೂಂನವರು ಹಾಕಿಕೊಟ್ಟಿರುವ ನಂಬರ್ ಪ್ಲೇಟ್ ತೀರಾ ಸಾದಾ ಆಗಿದೆ. ನನ್ನ ಸಂಖ್ಯೆ 8055 ಆಗಿರುವುದರಿಂದ ಅದನ್ನು ಇಂಗ್ಲಿಷಿನ ‘ಬಾಸ್’ ಎಂದು ಓದಿಕೊಳ್ಳುವಂತೆ ಬರೆಸಬೇಕೆಂಬ ಆಸೆ. ರೇಡಿಯಂ ಸ್ಟಿಕ್ಕರ್ ಅಂಗಡಿಯವರು ಸಿದ್ಧರಿದ್ದಾರೆ. ಆರ್‌ಟಿಒ ಕಚೇರಿಗೆ ಶುಲ್ಕ ಕಟ್ಟಿ ಅನುಮತಿ ಪಡೆಯಬಹುದೇ? – ಓದುಗರು, ದಾವಣಗೆರೆ

ಉತ್ತರ: ಅಂಥ ಅನುಮತಿಯೂ ಇಲ್ಲ, ಅದಕ್ಕೊಂದು ಶುಲ್ಕವೂ ಇಲ್ಲ. ಸಾರಿಗೆ ಅಧಿಕಾರಿ ಮನಸ್ಸು ಮಾಡಿದರೂ ಕೊಡಲು ಬಾರದ ಅನುಮತಿ ಅದು. ನಂಬರ್ ಪ್ಲೇಟಿನ ರೂಪವನ್ನು ರಾಜ್ಯದ ಕಚೇರಿಗಳು ತೀರ್ಮಾನಿಸುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳ 50 ಮತ್ತು 51ನೆಯ ನಿಯಮಗಳು ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತುಮಾಡಿವೆ. ಕಾರಿನ ಫಲಕದ ಮೇಲೆ ಪ್ರತಿ ಅಕ್ಷರ ಹಾಗೂ ಅಂಕಿಯ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ಒಂದು ಅಕ್ಷರಕ್ಕೂ ಮತ್ತೊಂದಕ್ಕೂ ನಡುವಿನ ಅಂತರ 10 ಮಿ.ಮೀ. ಇರಬೇಕು. ಎಂಟನ್ನು ಬಿ ಅಕ್ಷರದಂತೆ ಚಪ್ಪಟೆಯಾಗಿಸುವುದು, ಐದರ ತಲೆಯನ್ನು ಬಾಗಿಸಿ ಎಸ್ ಮಾಡುವುದು, ‘ಕೆಎ’ ಮತ್ತು ಜಿಲ್ಲೆಯ ಸಂಕೇತವನ್ನು ಮೂಲೆಯಲ್ಲಿ ಇರುವೆಯ ಗಾತ್ರಕ್ಕೆ ಇಳಿಸಿ ನಾಲ್ಕು ಅಂಕಿಗಳನ್ನು ಮಾತ್ರ ಹಿಗ್ಗಿಸುವುದು, ಇವೆಲ್ಲವೂ ಈ ಅಳತೆಗೆ ವಿರುದ್ಧವಾದವು.

ತಮ್ಮ ಕಾರು 2019ರ ಏಪ್ರಿಲ್ 1ರ ನಂತರ ನೋಂದಣಿಯಾದದ್ದು. ಹೀಗಾಗಿ ಅದರಲ್ಲಿ ಈಗಾಗಲೇ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ ಇರಬೇಕು. ತಾವು ಸಾದಾ ಎಂದು ಬೇಸರಿಸಿಕೊಂಡಿರುವ ಆ ಫಲಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಎಡಭಾಗದ ಮೇಲ್ತುದಿಯಲ್ಲಿ 20 ಮಿ.ಮೀ. ಉದ್ದಗಲದ, ನೀಲಿ ಅಶೋಕ ಚಕ್ರವಿರುವ ಕ್ರೋಮಿಯಂ ಹೊಲೊಗ್ರಾಂ ಇದೆ. ಎಡಬದಿಯಲ್ಲಿಯೇ ನೀಲಿ ಬಣ್ಣದಲ್ಲಿ ಐಎನ್‌ಡಿ ಎಂಬ ಅಕ್ಷರಗಳೂ ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆಯೂ ಇವೆ. ಉಬ್ಬಿದ ಕಪ್ಪು ಅಂಕಿಗಳ ಮೇಲೆ ‘ಇಂಡಿಯಾ’ ಎಂಬ ಪದ ಓರೆಯಾಗಿ ಮತ್ತೆ ಮತ್ತೆ ಅಚ್ಚಾಗಿದೆ. ಲೇಸರ್ ಸಂಖ್ಯೆ ದೇಶದ ವಾಹನ ನೋಂದಣಿ ವಿವರಗಳಿರುವ ಸರ್ಕಾರದ ‘ವಾಹನ್’ ದತ್ತಾಂಶದಲ್ಲಿ ತಮ್ಮ ಕಾರಿನ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳೊಂದಿಗೆ ಜೋಡಣೆಯಾಗಿರುತ್ತದೆ. ರೇಡಿಯಂ ಅಂಗಡಿಯಾತ ಎಷ್ಟೇ ಅಚ್ಚುಕಟ್ಟಾಗಿ ನಕಲು ಮಾಡಿದರೂ ಆ ಜೋಡಣೆಯನ್ನು ಮಾಡಲಾರ. ಐಎನ್‌ಡಿ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಫಲಕ ಎಚ್‌ಎಸ್‌ಆರ್‌ಪಿ ಆಗುವುದಿಲ್ಲ ಎಂಬುದನ್ನು ಇತರ ಓದುಗರೂ ಗಮನಿಸಬೇಕು.

ದಂಡದ ವಿಚಾರವನ್ನು ಅನೇಕರು ಹಗುರವಾಗಿ ಎಣಿಸುತ್ತಾರೆ. ಸಣ್ಣಪುಟ್ಟ ಲೋಪಗಳಿಗೆ ಮೋಟಾರು ವಾಹನಗಳ ಕಾಯ್ದೆಯ 177ನೆಯ ಕಲಮಿನಡಿ ಮೊದಲ ಸಲ 500 ರೂಪಾಯಿ, ಆನಂತರ 1,500 ರೂಪಾಯಿಯವರೆಗೆ ದಂಡವಿದೆ. ಆದರೆ ಅದೇ ಕಾಯ್ದೆಯ 39ನೆಯ ಕಲಮು ವಾಹನ ನೋಂದಣಿಯಾಗಿದ್ದರೆ ಸಾಲದು, ನೋಂದಣಿ ಸಂಖ್ಯೆಯನ್ನು ‘ನಿಗದಿತ ರೀತಿಯಲ್ಲಿ’ ಪ್ರದರ್ಶಿಸಿರಲೂ ಬೇಕು ಎನ್ನುತ್ತದೆ. ಅದರ ಉಲ್ಲಂಘನೆಗೆ 192ನೆಯ ಕಲಮು ಅನ್ವಯವಾದರೆ ಮೊದಲ ಬಾರಿಗೇ 2,000ದಿಂದ 5,000 ರೂಪಾಯಿ ದಂಡ. ಮರುಕಳಿಸಿದರೆ 5,000ದಿಂದ 10,000 ರೂಪಾಯಿ ಅಥವಾ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಸಿಗ್ನಲ್ ಕ್ಯಾಮೆರಾ ಓದಲಾಗದಂತೆ ಬೇಕೆಂದೇ ಅಂಕಿಗಳನ್ನು ತಿರುಚಿದ್ದಾರೆ ಎಂದು ಪೊಲೀಸರಿಗೆ ತೋರಿದರೆ ವಂಚನೆಯ ಮೊಕದ್ದಮೆಯನ್ನೂ ಎದುರಿಸಬೇಕಾದೀತು. 8055 ಎಂಬ ಸಂಖ್ಯೆ ತಮ್ಮದೇ. ಓದುವವರು ಅದನ್ನು ಬಾಸ್ ಎಂದು ಓದಿಕೊಂಡರೆ ಯಾರ ಅಭ್ಯಂತರವೂ ಇಲ್ಲ. ಬರೆಸುವುದಕ್ಕೆ ಮಾತ್ರ ಅವಕಾಶವಿಲ್ಲ.

ಪ್ರಶ್ನೆ: ಕರ್ನಾಟಕದಲ್ಲಿ ನೋಂದಣಿಯಾದ ಕಾರಿಗೆ ಕನ್ನಡ ಅಂಕಿಗಳ ನಂಬರ್ ಪ್ಲೇಟ್ ಹಾಕಿಸಿದರೆ ತಪ್ಪೇನು? ಹಿಂದೆ ನಮ್ಮ ತಂದೆಯವರ ಸ್ಕೂಟರ್‌ಗೆ ಹೀಗೆಯೇ ಇತ್ತು, ಯಾರೂ ಆಕ್ಷೇಪಿಸಲಿಲ್ಲ. – ಓದುಗರು, ಧಾರವಾಡ

ಉತ್ತರ: ಕೇಂದ್ರದ ನಿಯಮದ ಪ್ರಕಾರ ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು 1, 2, 3 ಎಂಬ ಅಂತರರಾಷ್ಟ್ರೀಯ ರೂಪದಲ್ಲಿಯೇ ಇರಬೇಕು. ಎಲ್ಲ ರಾಜ್ಯಗಳಿಗೂ ಇದು ಒಂದೇ; ಮರಾಠಿ, ತಮಿಳು, ಹಿಂದಿ ಅಂಕಿಗಳಿಗೂ ವಿನಾಯಿತಿ ಇಲ್ಲ. ಧಾರವಾಡದ ಕಾರು ಗೋವಾ ಗಡಿ ದಾಟಿದ ಮೇಲೆ ಅಲ್ಲಿ ಅಪಘಾತವಾದರೆ ಸಾಕ್ಷಿಯಾದವರು ಸಂಖ್ಯೆಯನ್ನು ಓದಿ ಹೇಳಬಲ್ಲವರಾಗಿರಬೇಕು ಎಂಬುದು ಇದರ ಹಿಂದಿನ ಸರಳ ಕಾರಣ. ಕನ್ನಡ ಅಂಕಿಗಳ ಮೇಲಿನ ತಮ್ಮ ಅಭಿಮಾನ ದೊಡ್ಡದೇ, ಮತ್ತು ನಿತ್ಯದ ಬಳಕೆಯಿಂದ ಅವು ಮರೆಯಾಗುತ್ತಿರುವುದರ ಬಗ್ಗೆ ಈ ಅಂಕಣಕಾರನಿಗೂ ಬೇಸರವಿದೆ. ಆದರೂ ಅಪಘಾತ ಮಾಡಿ ಓಡಿಹೋದ ವಾಹನವನ್ನು ಹುಡುಕಬೇಕಾದ ಹೊತ್ತಿನಲ್ಲಿ ಆ ಅಭಿಮಾನಕ್ಕೆ ಫಲಕ ತಕ್ಕ ಜಾಗವಲ್ಲ ಎಂದೇ ನನ್ನ ಅಭಿಪ್ರಾಯ.

ಎಚ್‌ಎಸ್‌ಆರ್‌ಪಿ ಬಂದ ಮೇಲೆ ಕನ್ನಡ ಫಲಕವನ್ನು ತಯಾರಿಸಿ ಕೊಡುವ ವ್ಯವಸ್ಥೆಯೇ ಇಲ್ಲ. ಅಧಿಕೃತ ಫಲಕವನ್ನು ಬಿಚ್ಚಿ ಕನ್ನಡದ್ದನ್ನು ಹಾಕುವುದು, ಅಥವಾ ಅದರ ಮೇಲೆ ಕನ್ನಡ ಅಂಕಿಗಳ ಸ್ಟಿಕ್ಕರ್ ಅಂಟಿಸುವುದು ದಂಡಕ್ಕೆ ದಾರಿ. ಹಿಂಬದಿಯ ಬಂಪರ್ ಮೇಲೆ, ಫಲಕಕ್ಕೆ ಅಡ್ಡ ಬಾರದಂತೆ, ಬೇಕಾದ ಕನ್ನಡ ಪದವನ್ನು ಬರೆಸಿಕೊಳ್ಳಿ. ಇದೇ ಉತ್ತರ ಫಲಕದ ಮೇಲೆ ‘ಪ್ರೆಸ್’, ‘ಪೊಲೀಸ್’, ಸಂಘದ ಹುದ್ದೆ, ಮನೆದೇವರ ಚಿತ್ರ, ಪಕ್ಷದ ಚಿಹ್ನೆ ಹಾಕಿಸಬಹುದೇ ಎಂದು ಕೇಳಿರುವ ಮಂಡ್ಯ, ಕೊಪ್ಪಳ ಮತ್ತು ಹಾಸನದ ಓದುಗರಿಗೂ ಅನ್ವಯಿಸುತ್ತದೆ. ಫಲಕದ ಮೇಲೆ ನೋಂದಣಿ ಸಂಖ್ಯೆ ಮತ್ತು ಸುರಕ್ಷಾ ಗುರುತುಗಳ ಹೊರತು ಬೇರೇನೂ ಇರುವಂತಿಲ್ಲ.

ಪ್ರಶ್ನೆ: ನನ್ನದು 2014ರ ಕಾರು. ಹಳೆಯ ನಂಬರ್ ಪ್ಲೇಟ್ ತೆಗೆಸಿ ಎಚ್‌ಎಸ್‌ಆರ್‌ಪಿ ಹಾಕಿಸಲು ಒಟ್ಟು ಎಷ್ಟು ಖರ್ಚಾಗುತ್ತದೆ? ಒಬ್ಬ ಏಜೆಂಟರು 2,500 ರೂಪಾಯಿ ಹೇಳುತ್ತಿದ್ದಾರೆ. – ಓದುಗರು, ತುಮಕೂರು

ಉತ್ತರ: ಏಜೆಂಟರ ಅಗತ್ಯವೇ ಇಲ್ಲ. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ಎಲ್ಲ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮೊದಲು ಕೊಟ್ಟ ಗಡುವು ಆ ವರ್ಷದ ನವೆಂಬರ್ 17. ಅದು ಹಲವು ಸಲ ಮುಂದಕ್ಕೆ ಹೋಯಿತು. ಗಡುವು ಹೋದಂತೆಲ್ಲ ಮುಂದೂಡುತ್ತಾರೆ ಎಂದು ಕಾದು ಕುಳಿತವರ ಸಂಖ್ಯೆ ರಾಜ್ಯದಲ್ಲಿ ದೊಡ್ಡದಿದೆ. ಗಡುವು ಮುಂದೆ ಹೋದದ್ದರಿಂದ ನಿಯಮ ರದ್ದಾಗಿಲ್ಲ.

ಕಾರಿನ ಹಿಂದು-ಮುಂದಿನ ಎರಡು ಫಲಕ ಮತ್ತು ಮುಂಭಾಗದ ಗಾಜಿಗೆ ಅಂಟಿಸುವ ಹೊಲೊಗ್ರಾಂ ಸ್ಟಿಕ್ಕರ್ ಸೇರಿ ರಾಜ್ಯದಲ್ಲಿ ಈ ವ್ಯವಸ್ಥೆ ಆರಂಭವಾದಾಗ ಬೆಲೆ 680 ರೂಪಾಯಿಯ ಆಸುಪಾಸಿನಲ್ಲಿತ್ತು. ವಾಹನದ ತಯಾರಕರು ಹಾಗೂ ಮಾದರಿಯನ್ನು ಅನುಸರಿಸಿ ಅಲ್ಪಸ್ವಲ್ಪ ವ್ಯತ್ಯಾಸವಾಗುತ್ತದೆ. ಮನೆ ಬಾಗಿಲಿಗೇ ಬಂದು ಅಳವಡಿಸಬೇಕೆಂದರೆ ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ತಮಗೆ ಹೇಳಿರುವ 2,500 ರೂಪಾಯಿಯಲ್ಲಿ ಬಹುಪಾಲು ಏಜೆಂಟರ ಜೇಬಿಗೆ ಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಫಲಕವನ್ನು ಬುಕ್ ಮಾಡಲು ಸಾರಿಗೆ ಇಲಾಖೆಯ ಜಾಲತಾಣದಿಂದ ಅಥವಾ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನ ಜಾಲತಾಣದಿಂದಲೇ ಮುಂದುವರಿಯಬೇಕು. ಆರ್‌ಸಿಯಲ್ಲಿರುವ ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಕೈಯಲ್ಲಿರಲಿ. ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು, ಹತ್ತಿರದ ಡೀಲರ್ ಕೇಂದ್ರವನ್ನೂ ದಿನವನ್ನೂ ಆರಿಸಿ, ಹಣವನ್ನು ಆನ್‌ಲೈನ್‌ನಲ್ಲಿಯೇ ಕಟ್ಟಬೇಕು. ಕೇಂದ್ರದಲ್ಲಿ ನಗದು ಕೊಡಬೇಕಾಗಿಲ್ಲ. ಹುಡುಕಾಟದಲ್ಲಿ ಮೊದಲು ಕಾಣಿಸುವ ಜಾಹೀರಾತಿನ ಕೊಂಡಿಯನ್ನೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡನ್ನೋ ನಂಬಿ ಹಣ ಕಳೆದುಕೊಂಡವರಿದ್ದಾರೆ, ಆದ್ದರಿಂದ ಜಾಲತಾಣದ ವಿಳಾಸವನ್ನು ಸ್ವತಃ ಟೈಪ್ ಮಾಡಿಯೇ ತೆರೆಯಿರಿ. ಬುಕ್ ಮಾಡುವ ಮುನ್ನ ಆರ್‌ಸಿಯ ವಿವರ ‘ವಾಹನ್’ ದತ್ತಾಂಶದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಂಜಿನ್ ಸಂಖ್ಯೆಯ ಒಂದಂಕಿ ತಪ್ಪಾಗಿ ನಮೂದಾಗಿದ್ದರೂ ಬುಕಿಂಗ್ ಮುಂದಕ್ಕೆ ಹೋಗುವುದಿಲ್ಲ, ಆಗ ಮೊದಲು ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕಾಗುತ್ತದೆ.

ಪ್ರಶ್ನೆ: ಹಿಂದಿನಿಂದ ಬೈಕ್ ಗುದ್ದಿ ಬಂಪರ್ ಬದಲಿಸಬೇಕಾಯಿತು. ಗ್ಯಾರೇಜಿನವರು ನಂಬರ್ ಪ್ಲೇಟನ್ನು ಮೀಟಿ ತೆಗೆದು ಸಾಮಾನ್ಯ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಫಲಕವೂ ಸ್ವಲ್ಪ ಬಾಗಿದೆ. ಹಾಗೆಯೇ ಓಡಿಸಬಹುದೇ? – ಓದುಗರು, ಶಿವಮೊಗ್ಗ

ಉತ್ತರ: ಎಚ್‌ಎಸ್‌ಆರ್‌ಪಿಯನ್ನು ಕೂರಿಸುವ ಸ್ನ್ಯಾಪ್ ಲಾಕ್ ಒಮ್ಮೆ ಹಾಕಿದರೆ ಮತ್ತೆ ಬಳಸಲು ಬರುವಂಥದ್ದಲ್ಲ. ಬಲವಂತವಾಗಿ ಎಳೆದರೆ ಅದರ ತಲೆ ಮುರಿದು ಕೈಗೆ ಬರುತ್ತದೆ, ಮತ್ತು ಮುರಿಯುವುದೇ ಅದರ ಕೆಲಸ: ಕದ್ದ ಫಲಕವನ್ನು ಬೇರೊಂದು ಕಾರಿಗೆ ಹಾಕಿದರೆ ಅದು ಬಯಲಾಗಬೇಕು. ಹೀಗಾಗಿ ಸ್ಕ್ರೂ ಹಾಕಿದ ಫಲಕವನ್ನು ತಪಾಸಣೆಯಲ್ಲಿ ಅನುಮಾನದಿಂದ ನೋಡುವುದು ಸಹಜ. ಜಖಂಗೊಂಡ ಅಥವಾ ಕಳೆದುಹೋದ ಫಲಕಕ್ಕೆ ಬದಲಿ ಪಡೆಯುವ ಆಯ್ಕೆ ಅದೇ ಬುಕಿಂಗ್ ಜಾಲತಾಣದಲ್ಲಿದೆ. ಹಿಂದಿನದೊಂದೇ ಹಾಳಾಗಿದ್ದರೆ ಅದೊಂದನ್ನೇ ತರಿಸಿಕೊಳ್ಳಬಹುದು. ಕಳವಾದರೆ ಅಥವಾ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ. ಅದು ಬುಕಿಂಗ್‌ಗೆ ಮಾತ್ರವಲ್ಲ, ತಮ್ಮ ಫಲಕ ಹಾಕಿಕೊಂಡ ಯಾವುದೋ ವಾಹನ ಎಲ್ಲಿಯೋ ಸಿಗ್ನಲ್ ಹಾರಿಸಿದರೆ ತಮ್ಮ ರಕ್ಷಣೆಗೂ ಬೇಕಾಗುತ್ತದೆ.

ಮುಂಭಾಗದ ಗಾಜನ್ನು ಬದಲಿಸಿದವರು ಅದರ ಮೇಲಿದ್ದ ಹೊಲೊಗ್ರಾಂ ಸ್ಟಿಕ್ಕರ್ ಹೋಯಿತೆಂಬುದನ್ನು ಮರೆಯುತ್ತಾರೆ. ನಿಯಮದಲ್ಲಿ ಅದಕ್ಕೆ ‘ಮೂರನೆಯ ನೋಂದಣಿ ಫಲಕ’ ಎಂದೇ ಹೆಸರು. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣ. ಅದನ್ನೂ ಮರಳಿ ತರಿಸಿಕೊಳ್ಳಬೇಕು.

ಪ್ರಶ್ನೆ: ಒಂದೇ ಸಾಲಿನ ಉದ್ದನೆಯ ಫಲಕದ ಬದಲು ಎರಡು ಸಾಲಿನ ಚೌಕಾಕಾರದ್ದನ್ನು ಹಾಕಿಸಬಹುದೇ? – ಓದುಗರು, ಉಡುಪಿ

ಉತ್ತರ: ನಿಯಮ ಕಾರುಗಳಿಗೆ 500 × 120 ಮಿ.ಮೀ. ಮತ್ತು 340 × 200 ಮಿ.ಮೀ. ಎಂಬ ಎರಡೂ ಅಳತೆಗಳನ್ನು ಒಪ್ಪುತ್ತದೆ. ಆದರೆ ಯಾವ ಕಾರಿಗೆ ಯಾವುದು ಎಂಬುದು ತಯಾರಕರು ಫಲಕಕ್ಕೆಂದು ಬಿಟ್ಟಿರುವ ಜಾಗದಿಂದ ತೀರ್ಮಾನವಾಗುತ್ತದೆ, ಬುಕಿಂಗ್ ಕೂಡ ಮಾದರಿಯನ್ನು ಅನುಸರಿಸಿಯೇ ನಡೆಯುತ್ತದೆ. ಹಿಂಬಾಗಿಲಿನಲ್ಲಿ ಚೌಕ ಜಾಗವಿರುವ ಜೀಪು ಮಾದರಿಯ ವಾಹನಗಳಿಗೆ ಎರಡು ಸಾಲಿನದು ಸಹಜವಾಗಿ ಬರುತ್ತದೆ. ಸುತ್ತಲೂ ಪ್ಲಾಸ್ಟಿಕ್ ಚೌಕಟ್ಟು ಹಾಕಿಸುವವರು ಅದು ಹೊಲೊಗ್ರಾಂ, ಲೇಸರ್ ಸಂಖ್ಯೆ ಅಥವಾ ಅಂಕಿಯ ಅಂಚನ್ನು ಮುಚ್ಚದಂತೆ ನೋಡಿಕೊಳ್ಳಲಿ. ಫಲಕದ ಮೇಲೆ ಕಪ್ಪು ಛಾಯೆಯ ಗಾಜಿನ ಹೊದಿಕೆ ಬೇಡವೇ ಬೇಡ.

ಪ್ರಶ್ನೆ: ನನ್ನ ವೈಟ್ ಬೋರ್ಡ್ ಕಾರನ್ನು ಬಿಡುವಿನ ದಿನಗಳಲ್ಲಿ ಬಾಡಿಗೆಗೆ ಬಿಡುವ ಯೋಚನೆ ಇದೆ. ಫಲಕವನ್ನು ಹಳದಿ ಮಾಡಿಸಿದರೆ ಸಾಕೇ? – ಓದುಗರು, ಮೈಸೂರು

ಉತ್ತರ: ಬಣ್ಣವನ್ನು ಕೊಳ್ಳಲು ಬರುವುದಿಲ್ಲ, ಅದು ವಾಹನದ ವರ್ಗ ಬದಲಾದಾಗ ತಾನಾಗಿ ಬದಲಾಗುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರ ಸ್ವಂತ ಬಳಕೆಗೆ, ಹಳದಿಯ ಮೇಲೆ ಕಪ್ಪು ಅಕ್ಷರ ಬಾಡಿಗೆ ವಾಹನಕ್ಕೆ, ಕಪ್ಪಿನ ಮೇಲೆ ಹಳದಿ ಅಕ್ಷರ ಗ್ರಾಹಕರೇ ಓಡಿಸುವ ಬಾಡಿಗೆ ಕಾರಿಗೆ ಮೀಸಲು. ವಿದ್ಯುತ್ ಕಾರುಗಳಲ್ಲಿ ಹಸಿರು ಹಿನ್ನೆಲೆಯ ಮೇಲೆ ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಅಕ್ಷರ. ಹೈಬ್ರಿಡ್ ಕಾರು ಕೊಂಡು ಹಸಿರು ಫಲಕ ಕೇಳಿರುವ ಮತ್ತೊಬ್ಬ ಓದುಗರಿಗೆ ಅದು ಸಿಗುವುದಿಲ್ಲ, ಏಕೆಂದರೆ ಹಸಿರು ಫಲಕ ಇರುವುದು ಸಂಪೂರ್ಣವಾಗಿ ಬ್ಯಾಟರಿಯಿಂದ ಚಲಿಸುವ ವಾಹನಗಳಿಗೆ.

ತಮ್ಮ ಕಾರನ್ನು ಯೆಲ್ಲೋ ಬೋರ್ಡ್‌ಗೆ ಬದಲಿಸಬೇಕಾದರೆ ಆರ್‌ಸಿಯಲ್ಲಿ ವರ್ಗ ಬದಲಾವಣೆ, ಪರ್ಮಿಟ್, ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ಬಾಡಿಗೆ ವಾಹನದ ವಿಮೆ, ಆ ವರ್ಗದ ತೆರಿಗೆ ಇಷ್ಟೂ ಆಗಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇಲ್ಲಿ ಫಲಕದ ಬೆಲೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು, ವಿಮೆ ಮತ್ತು ತೆರಿಗೆಯೇ ನಿಜವಾದ ಖರ್ಚು. ಒಮ್ಮೆ ಯೆಲ್ಲೋ ಬೋರ್ಡ್ ಆದ ಮೇಲೆ ಎಫ್‌ಸಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು. ಇದೆಲ್ಲ ತೊಡಕೆಂದು ವೈಟ್ ಬೋರ್ಡ್‌ನಲ್ಲಿಯೇ ಬಾಡಿಗೆ ಹೊಡೆದರೆ, ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ 192ಎ ಕಲಮಿನಡಿ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಅಪಘಾತವಾದಲ್ಲಿ ವಿಮಾ ಕಂಪನಿ ಬಾಡಿಗೆಯ ಬಳಕೆಯನ್ನೇ ಕಾರಣವಾಗಿ ಹಿಡಿದು ಪರಿಹಾರವನ್ನು ನಿರಾಕರಿಸಬಹುದು. ವರ್ಷಕ್ಕೆ ಕೆಲವೇ ದಿನಗಳ ಬಾಡಿಗೆಗಾಗಿ ಈ ಬದಲಾವಣೆ ಲಾಭಕರವಲ್ಲ ಎಂದು ನನಗನಿಸುತ್ತದೆ.

ಪ್ರಶ್ನೆ: ಪುಣೆಯಲ್ಲಿ ಕೊಂಡ ಎಂಎಚ್ ನೋಂದಣಿಯ ಕಾರಿನೊಂದಿಗೆ ಬೆಳಗಾವಿಗೆ ಮರಳಿದ್ದೇನೆ. ಕೆಎ ಫಲಕ ಹಾಕಿಸಲು ಏನು ಮಾಡಬೇಕು? ಅದರ ಬದಲು ಬಿಎಚ್ ಫಲಕ ಪಡೆಯಬಹುದೇ? – ಓದುಗರು, ಬೆಳಗಾವಿ

ಉತ್ತರ: ಕಾಯ್ದೆಯ 47ನೆಯ ಕಲಮಿನ ಪ್ರಕಾರ ಹೊರರಾಜ್ಯದ ವಾಹನ ಇಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಇಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಮೊದಲು ಪುಣೆಯ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಆನಂತರ ಇಲ್ಲಿ ನಮೂನೆ 27ರಲ್ಲಿ ಅರ್ಜಿ. ಕಾರಿನ ನೋಂದಣಿ ಶುಲ್ಕ ಕೇವಲ 600 ರೂಪಾಯಿ. ದುಬಾರಿಯಾಗುವುದು ಲೈಫ್ ಟ್ಯಾಕ್ಸ್. ಕರ್ನಾಟಕದಲ್ಲಿ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಬೆಲೆಯನ್ನು ಅನುಸರಿಸಿ ಶೇ 13ರಿಂದ ಶೇ 18ರವರೆಗೆ ಇದ್ದು, ಮೇಲೆ ಸೆಸ್ ಬೇರೆ. ದೇಶದಲ್ಲಿ ಅತಿ ಹೆಚ್ಚು ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ತಮ್ಮ ಕಾರಿನ ವಯಸ್ಸಿಗೆ ತಕ್ಕಂತೆ ಇದರಲ್ಲಿ ರಿಯಾಯಿತಿ ದೊರೆಯುತ್ತದೆ, ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಅಲ್ಲಿಂದ ಮರಳಿ ಪಡೆಯಲು ಅರ್ಜಿ ಹಾಕಬಹುದು. ಆದರೆ ಮರುಪಾವತಿ ಬರುವ ಮುನ್ನವೇ ಇಲ್ಲಿಯ ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಡಿ. ಹೊಸ ಸಂಖ್ಯೆ ಸಿಕ್ಕ ಮೇಲೆ ಫಲಕವನ್ನು ಬದಲಿಸಿದರೆ ಸಾಲದು. ವಿಮೆ, ಫಾಸ್ಟ್ಯಾಗ್, ಮಾಲಿನ್ಯ ತಪಾಸಣೆಯ ಪತ್ರ ಎಲ್ಲದರಲ್ಲಿಯೂ ಸಂಖ್ಯೆ ಬದಲಾಗಬೇಕು.

ಬಿಎಚ್, ಅಂದರೆ ಭಾರತ್ ಸರಣಿ, ರಾಜ್ಯ ಬದಲಾದರೂ ಹೊಸ ಸಂಖ್ಯೆ ಪಡೆಯಬೇಕಿಲ್ಲದ ನೋಂದಣಿ; ಅದು 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ರಕ್ಷಣಾ ಸಿಬ್ಬಂದಿ, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಮತ್ತು ಸರ್ಕಾರಿ ಉದ್ಯಮಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಯ ನೌಕರರು ಇದಕ್ಕೆ ಅರ್ಹರು. ಖಾಸಗಿ ನೌಕರರು ಸಂಸ್ಥೆಯಿಂದ ನಮೂನೆ 60ರ ಪ್ರಮಾಣಪತ್ರ ತರಬೇಕು. ಹೊಸ ಕಾರಿಗಷ್ಟೇ ಇದ್ದ ಈ ಸೌಲಭ್ಯವನ್ನು 2022ರ ಡಿಸೆಂಬರ್‌ನ ತಿದ್ದುಪಡಿ ಹಳೆಯ ಕಾರುಗಳಿಗೂ ವಿಸ್ತರಿಸಿತು. ತೆರಿಗೆಯನ್ನು ಎರಡು ವರ್ಷಗಳ ಕಂತಿನಲ್ಲಿ ಕಟ್ಟುವುದರಿಂದ ಮೊದಲಿಗೇ ದೊಡ್ಡ ಮೊತ್ತದ ಭಾರವಿಲ್ಲ. ತಾವು ನೌಕರಿ ಬಿಟ್ಟು ಸ್ವಂತ ಉದ್ಯೋಗಕ್ಕೆಂದು ಮರಳಿದ್ದರೆ ಈ ಬಾಗಿಲು ಮುಚ್ಚಿದೆ. ವರ್ಗಾವಣೆಯ ಮೇಲೆ ಬಂದಿದ್ದು ಮುಂದೆಯೂ ಊರೂರು ತಿರುಗಬೇಕಾಗಿದ್ದರೆ ಬಿಎಚ್ ಸರಣಿಯೇ ಮೇಲು, ಬೆಳಗಾವಿಯಲ್ಲಿಯೇ ನೆಲೆಸುವುದಾದರೆ ಕೆಎ ಸಂಖ್ಯೆಯೇ ಮೇಲು.

ಪ್ರಶ್ನೆ: ಅಜ್ಜನ ಕಾಲದ ಕಾರನ್ನು ಸರಿಪಡಿಸಿ ಇಟ್ಟಿದ್ದೇವೆ. ಮೈಸೂರು ರಾಜ್ಯವಿದ್ದಾಗಿನ ಸಂಖ್ಯೆ, ಕಪ್ಪು ಫಲಕ, ಬಿಳಿ ಅಕ್ಷರ. ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದೇ? – ಓದುಗರು, ಚಿಕ್ಕಮಗಳೂರು

ಉತ್ತರ: ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಈಗಾಗಲೇ ನೋಂದಣಿ ಇರುವ ವಾಹನಕ್ಕೆ ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ಹೊಸದಾಗಿ ನೋಂದಾಯಿಸುವವರಿಗೆ ಮಾತ್ರ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸರಣಿ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ನಂತರದ ನವೀಕರಣಕ್ಕೆ 5,000 ರೂಪಾಯಿ. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಮಗಳ ಮದುವೆಯ ಬಾಡಿಗೆಗೆ ಕೇಳುವ ನೆಂಟರಿಗೆ ಇದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಕಪ್ಪು ಫಲಕದ ವಿಷಯ ಬೇರೆ. ಸ್ವಂತ ವಾಹನಗಳಿಗೆ ಕಪ್ಪಿನ ಮೇಲೆ ಬಿಳಿ ಅಕ್ಷರ ಇದ್ದದ್ದು ಹಿಂದಿನ ನಿಯಮ. ಈಗ ರಸ್ತೆಗೆ ಇಳಿಯುವಾಗ ಇಂದಿನ ಮಾದರಿಯ ಬಿಳಿ ಫಲಕವೇ ಇರಬೇಕು. ಅಜ್ಜನ ಕಾಲದ ತಗಡನ್ನು ಬಿಸಾಡದೆ ಕಾರಿನೊಂದಿಗೆ ಷೆಡ್ಡಿನಲ್ಲಿಯೇ ಇಟ್ಟುಕೊಳ್ಳಿ. ಪ್ರದರ್ಶನದಲ್ಲಿ ಕಾರು ನಿಂತಿರುವಾಗ ಅದನ್ನು ಪಕ್ಕದಲ್ಲಿ ಇಡುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.